ಸೊಂಟದ ಚಾಕು, ಖಾರಘರದ ಜಡೆ

ಬೆಳಿಗ್ಗೆ ಆರು ಹತ್ತಕ್ಕೆ ಡೊಂಬಿವಲಿ ಪೂರ್ವದ ಮನೆಯಿಂದ ಹೊರಟಾಗ ನನ್ನ ಜೊತೆಗೆ ಒಂದು ಬಟ್ಟೆಯ ಚೀಲ, ಒಂದು ಫ್ಲಾಸ್ಕ್ ಚಹಾ, ಒಂದು ಹೊಸ ಮಡಚುವ ಚಾಕು ಮತ್ತು ಒಬ್ಬ ಗಂಡ ಇದ್ದರು. ಮೊದಲಿನ ಮೂರನ್ನು ನಾನೇ ಆರಿಸಿಕೊಂಡದ್ದು. ಗಂಡ ಮಾತ್ರ ತಾನಾಗಿ ಹೊರಟದ್ದು. ಎರಡು ತಿಂಗಳು ಮನೆಯಲ್ಲೇ ಕೂತು ಬೇಸತ್ತಿದ್ದ ನನಗೆ ಆ ಬೆಳಗು ಎಷ್ಟು ಖುಷಿಯಾಗಿತ್ತೆಂದರೆ, ಲಿಫ್ಟ್ ಕೆಟ್ಟಿದೆ ಎಂದು ಗೊತ್ತಾದಾಗಲೂ ನಾಲ್ಕು ಮಹಡಿಯನ್ನು ಹಾಡಿಕೊಂಡೇ ಇಳಿದೆ.

ಹೋಗಬೇಕಾದದ್ದು ಖಾರಘರಕ್ಕೆ. ಅಲ್ಲಿನ ವನಜಕ್ಕನ ಸೊಸೆಗೆ ಸಂಜೆ ನಾಲ್ಕೂವರೆಗೆ ಹೂ ಮುಡಿಸುವ ಶಾಸ್ತ್ರ. ಏಳು ತಿಂಗಳ ಬಸುರಿ ಹುಡುಗಿಗೆ ಮೊಗ್ಗಿನ ಜಡೆ ಕಟ್ಟುವುದು ನನ್ನ ಕೆಲಸ. ಉಡುಪಿಯ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು ನಾನು. ಇಪ್ಪತ್ತೆರಡು ವರ್ಷದಿಂದ ಠಾಣೆ, ಕಲ್ಯಾಣ, ನವಿ ಮುಂಬಯಿಯಲ್ಲಿ ನಮ್ಮ ಊರ ಕಡೆಯವರ ಮನೆಗಳಲ್ಲಿ ಎಷ್ಟು ಜಡೆ ಕಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಜಡೆಗೆ ರಟ್ಟು ಹಾಕುತ್ತಾರೆ. ನಾನು ಹಾಕುವುದು ಬಾಳೆಪಟ್ಟೆ, ಅಂದರೆ ಬಾಳೆಯ ದಿಂಡಿನಿಂದ ಬಿಡಿಸಿದ ಪದರ. ಅದನ್ನು ಜಡೆಯ ಅಳತೆಗೆ ಕೊಯ್ದು, ಮೇಲೆ ಮೊಗ್ಗು ಪೋಣಿಸಿ ಹೊಲಿದರೆ ಹುಡುಗಿಯ ಬೆನ್ನಿಗೆ ತಂಪು, ಹೂವಿಗೂ ಆಯುಸ್ಸು. ಕತ್ತರಿ ಹಾಕಿದರೆ ಪಟ್ಟೆ ಜಜ್ಜಿಹೋಗುತ್ತದೆ. ಅಡುಗೆಮನೆಯ ಚಾಕು ಹಾಕಿದರೆ ಸೀಳುತ್ತದೆ. ಅದಕ್ಕೆ ತೆಳ್ಳಗಿನ, ಬೆರಳುದ್ದದ ಅಲಗೇ ಆಗಬೇಕು. ಹಾಗಾಗಿ ಮಡಚುವ ಚಾಕು ನನ್ನ ಜೊತೆ ದಿನವೂ ರೈಲು ಹತ್ತುತ್ತದೆ.

ಆ ಚಾಕುವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ಇಪ್ಪತ್ತೆರಡು ವರ್ಷದ ನನ್ನ ತಲೆನೋವು. ಗಂಡಸರ ಪ್ಯಾಂಟಿಗೆ ನಾಲ್ಕು ಜೇಬು. ಸೀರೆ ಹೊಲಿದವರು ಯಾರೂ ಇಲ್ಲದ್ದರಿಂದ ಅದಕ್ಕೆ ಜೇಬಿಡುವವರೂ ಇಲ್ಲ. ಮೊದಲು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದೆ. ಕೋಪರ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಸೆರಗು ಎಳೆದುಕೊಂಡು ಹೋದಾಗ ಗಂಟು ಬಿಚ್ಚಿ ಚಾಕು ಹಳಿಗೆ ಬಿತ್ತು. ಆಮೇಲೆ ಕುಪ್ಪಸದೊಳಗಿನ ಪರ್ಸಿನಲ್ಲಿ ಇಟ್ಟೆ. ಮೇ ತಿಂಗಳಲ್ಲಿ ಕಬ್ಬಿಣ ಕಾದು ಎದೆಯ ಮೇಲೆ ಬೊಬ್ಬೆ ಬಂತು. ಕೊನೆಗೆ ಹ್ಯಾಂಡ್‌ಬ್ಯಾಗಿಗೆ ಹಾಕಿದೆ. ಎರಡು ತಿಂಗಳ ಹಿಂದೆ ಠಾಣೆಯಲ್ಲಿ ಟಿ.ಸಿ. ಪಾಸ್ ಕೇಳಿದರು. ಗಡಿಬಿಡಿಯಲ್ಲಿ ಬ್ಯಾಗಿನೊಳಗೆ ಕೈ ಹಾಕಿದೆ. ನೂಕುನುಗ್ಗಲಿನಲ್ಲಿ ಚಾಕು ಒಳಗೇ ಬಿಚ್ಚಿಕೊಂಡಿತ್ತು. ಎಡ ಅಂಗೈಗೆ ಐದು ಹೊಲಿಗೆ ಬಿದ್ದವು. ಪಾಸ್ ತೋರಿಸಿದೆನೋ ಇಲ್ಲವೋ, ಈಗಲೂ ನೆನಪಿಲ್ಲ.

ಅಂದೇ ನಮ್ಮವರು ಷರತ್ತು ಹಾಕಿದರು. ಮೂವತ್ತು ವರ್ಷ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು ಈಗ ನಿವೃತ್ತರಾದವರು ಅವರು. ಮಾತು ಕಡಿಮೆ, ಆಡಿದರೆ ರಸೀದಿ ಹರಿದುಕೊಟ್ಟಷ್ಟೇ ಖಚಿತ. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಇನ್ನೊಂದು ಸಲ ಆ ಚಾಕು ನಿನ್ನ ಕೈ ಕೊಯ್ದರೆ, ಇಲ್ಲಾ ಕಳೆದುಹೋದರೆ, ಹೊರಗಿನ ಕೆಲಸ ಬಂದ್. ಟೈಮ್‌ಪಾಸಿಗೆ ಕೈ ಕಳ್ಕೊಳ್ಳುದು ಬೇಡ."

ನೋವಿನಲ್ಲಿದ್ದ ನಾನು "ಆಯ್ತು" ಅಂದುಬಿಟ್ಟೆ. ಟೈಮ್‌ಪಾಸ್ ಎಂಬ ಮಾತು ಹೊಲಿಗೆಗಿಂತ ಹೆಚ್ಚು ಉರಿಯಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಖಾರಘರದ ಕರೆ ಬಂದಾಗ ಅವರು, "ನಾನೂ ಬರ್ತೇನೆ, ನೋಡುವ" ಅಂದರು. ಹೀಗೆ ನಮ್ಮ ಸವಾರಿ ಹೊರಟಿತು.

ಠಾಣೆಯ ದಿಕ್ಕಿಗೆ ಹೋಗಬೇಕಾದವರು ಮೊದಲು ಹಿಂದಕ್ಕೆ, ಕಲ್ಯಾಣಕ್ಕೆ ಹೋದೆವು. ಸೀಟು ಸಿಗಲಿ ಎಂದು ಡೊಂಬಿವಲಿಯವರು ಹಾಗೆ ಮಾಡುವುದುಂಟು. ನಮಗೆ ಅಲ್ಲಿ ಹೂವಿನ ಕೆಲಸವೂ ಇತ್ತು. ಐದು ರೂಪಾಯಿ ಟಿಕೆಟ್, ಹತ್ತು ನಿಮಿಷದ ದಾರಿ. ಹೆಸರಿಗೆ ಚಳಿಗಾಲ. ಆದರೂ ಕಲ್ಯಾಣದ ಹೂವಿನ ಮಾರ್ಕೆಟ್ ಮುಟ್ಟುವಷ್ಟರಲ್ಲಿ ನಮ್ಮವರ ಬೆನ್ನು ಒದ್ದೆಯಾಗಿತ್ತು. ಗೋಣಿಯ ಮೇಲೆ ಸುರಿದ ಸೇವಂತಿಗೆ, ಒದ್ದೆ ಬಟ್ಟೆ ಮುಚ್ಚಿದ ಮೊಗ್ರಾ ಮಲ್ಲಿಗೆ, ಕಾಲಡಿ ಕೊಳೆತ ಚೆಂಡುಹೂ, ಕಿವಿಯ ಹತ್ತಿರವೇ ಕೂಗುವ ಹಮಾಲರು. ಎರಡು ತಿಂಗಳ ನಂತರ ಆ ವಾಸನೆ ಮೂಗಿಗೆ ಹೊಡೆದಾಗ ನನಗೆ ಅಳುವೇ ಬಂತು. ಮೊಗ್ರಾ ಮಾರುವ ಹೆಂಗಸು ನನ್ನ ಅಂಗೈ ಹಿಡಿದು ಗಾಯದ ಗುರುತು ನೋಡಿ, ಏನೂ ಕೇಳದೆ ಒಂದು ಬೊಗಸೆ ಮೊಗ್ಗು ಹೆಚ್ಚಿಗೆ ಸುರಿದಳು. ಪಟ್ಟೆ ಮೂರು ಸಿಕ್ಕಿದವು, ಒಂದೊಂದೂ ಎರಡೂವರೆ ಮೊಳ. ಒದ್ದೆ ಗೋಣಿಯಲ್ಲಿ ಸುತ್ತಿ ನಮ್ಮವರ ಹೆಗಲಿಗೆ ಏರಿಸಿದೆ.

"ನೋಡುದಕ್ಕೆ ಬಂದವನನ್ನು ಹಮಾಲ ಮಾಡಿದೆಯಾ?"

"ಟೈಮ್‌ಪಾಸ್ ಆಗ್ತದೆ ನಿಮಗೆ," ಅಂದೆ.

ಇಡ್ಲಿ ವಡೆ ತಿಂದು, ಒಂಬತ್ತು ಗಂಟೆಗೆ ತೆರೆಯುವ ಹಿತ್ತಾಳೆ ಸಾಮಾನಿನ ಅಂಗಡಿಯ ಮುಂದೆ ಎಂಟೂ ಐವತ್ತಕ್ಕೇ ನಿಂತೆ. ಇಲ್ಲಿಗೆ ಬರಬೇಕೆಂದು ನಾನು ಎರಡು ತಿಂಗಳು ಯೋಚಿಸಿದ್ದೆ. ಹಳೆಯ ಕಾಲದ ಯಜಮಾನಿಯರು ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಳ್ಳುತ್ತಿದ್ದ ಅಗಲದ ಕೊಕ್ಕೆ ಇದೆಯಲ್ಲ, ಇಲ್ಲಿಯವರು ಅದಕ್ಕೆ ಛಲ್ಲಾ ಅನ್ನುತ್ತಾರೆ. ಸೀರೆಯ ಮೇಲೆ ಅದರ ಹೂವಿನ ಬಿಲ್ಲೆ ಕಾಣುತ್ತದೆ, ಒಳಗೆ ಕೊಕ್ಕೆ ಲಂಗದ ಲಾಡಿಯನ್ನೇ ಕಚ್ಚಿ ಹಿಡಿಯುತ್ತದೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದಿದರೂ, ಭತ್ತ ಕುಟ್ಟಿದರೂ ಅದು ಬಿದ್ದದ್ದು ಕಂಡವರಿಲ್ಲ. ಕೀಲಿಕೈ ಬೀಳದ ಜಾಗದಿಂದ ಚಾಕು ಹೇಗೆ ಬಿದ್ದೀತು?

ಅಂಗಡಿಯವನು ಕೇಳಿದ: "ಕಿತೀ ಚಾವ್ಯಾ ಆಹೇತ?"

ಕೀಲಿಕೈ ಒಂದೂ ಇಲ್ಲ, ಚಾಕು ಇದೆ ಎಂದು ಮರಾಠಿಯಲ್ಲಿ ಹೇಳಿದೆ. ಅವನು ನನ್ನನ್ನು ಬಿಟ್ಟು ನಮ್ಮವರ ಮುಖ ನೋಡಿದ. ನಮ್ಮವರು ಗೋಣಿ ಹೊತ್ತು ಕೈಮುಗಿದರು. ಅಂಗಡಿಯವನ ಅನುಕಂಪವೆಲ್ಲ ಅವರ ಕಡೆಗೇ ಹೋಯಿತು.

ಕೊಕ್ಕೆಗೆ ಗೇಣುದ್ದದ ಹಸಿರು ದಾರ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ಗಟ್ಟಿ ದಾರ ಅದು. ದಾರದ ತುದಿಗೆ ಒತ್ತಿದರೆ ಬಾಯಿ ಬಿಡುವ ಪುಟ್ಟ ಕೊಂಡಿ. ಕೊಂಡಿಗೆ ಚಾಕುವಿನ ಬಾಲದ ತೂತು. ಚಾಕು ಮಾತ್ರ ತೂಗಾಡದೆ, ನಾನೇ ಹೊಲಿದ ದಪ್ಪ ಬಟ್ಟೆಯ ಚೀಲದಲ್ಲಿ ನೆರಿಗೆಯ ಪಕ್ಕ ಕೂರುತ್ತದೆ. ಹೊಸ ಚಾಕುವಿಗೆ ಲಾಕ್ ಬೇರೆ. ಹಿಡಿಯ ಬೆನ್ನಿನ ಪಟ್ಟಿಯನ್ನು ಅದುಮದೆ ಅದು ಮಡಚುವುದಿಲ್ಲ. ಬಿಡಿಸುವುದಕ್ಕೂ ಉಗುರು ಹಾಕಿ ಎಳೆಯಬೇಕು, ತಾನಾಗಿ ಬಿಚ್ಚಿಕೊಳ್ಳದು. ಇದನ್ನೆಲ್ಲ ಹದಿನೈದು ದಿನದಲ್ಲಿ ನಮ್ಮವರಿಗೆ ಮೂವತ್ತು ಸಲ ವಿವರಿಸಿದ್ದೆ. ಕೊಕ್ಕೆ ಸಿಕ್ಕಿಸಿಕೊಂಡು ಅಂಗಡಿಯ ಮುಂದೆಯೇ ಮೂರು ಸಲ ಕುಣಿದು ನೋಡಿದೆ. ಚಾಕು ಜಪ್ಪಯ್ಯ ಎನ್ನಲಿಲ್ಲ. ನಮ್ಮವರು ಮಾತ್ರ ಎರಡು ಅಂಗಡಿ ಆಚೆಗೆ ಸರಿದು ನಿಂತರು.

ಒಂಬತ್ತು ಐವತ್ತರ ಸ್ಲೋ ಲೋಕಲ್ ಕಲ್ಯಾಣದಿಂದಲೇ ಹೊರಡುವುದರಿಂದ ಕಿಟಕಿಯ ಸೀಟು ಸಿಕ್ಕಿತು. ನಾನು ಲೇಡೀಸ್ ಡಬ್ಬಿ, ಅವರು ಪಕ್ಕದ ಜನರಲ್. ಮೊಗ್ಗಿನ ಚೀಲ ತೊಡೆಯ ಮೇಲಿಟ್ಟು ಕೂರುವಾಗ ಸೆರಗು ಸರಿದು ಸೊಂಟದ ಬಿಲ್ಲೆ, ಅದರ ಕೆಳಗಿನ ಚೀಲ ಎದುರಿನವರಿಗೆ ಕಂಡಿತು. ಎದುರಿಗೆ ಗೋರಿಕಾಯಿಯ ತೊಟ್ಟು ಮುರಿಯುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಗೋಕಾಕದ ಕಡೆಯ ಮಹಾದೇವಿ ಎಂದು ಆಮೇಲೆ ಗೊತ್ತಾಯಿತು. ಠಾಣೆಯ ಒಂದು ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ.

"ಅದೇನ್ರೀ ಅಕ್ಕಾರ, ಸೊಂಟದಾಗ?"

"ಚಾಕು," ಅಂದೆ, ಕನ್ನಡ ಕೇಳಿದ ಖುಷಿಯಲ್ಲಿ.

"ಅಯ್ಯ ಶಿವನ! ಯಾರ ಮ್ಯಾಲ ಇಷ್ಟು ಸಿಟ್ಟು? ಯಜಮಾನ್ರ ಮ್ಯಾಲನ?"

"ಅವರು ಪಕ್ಕದ ಡಬ್ಬಿಯಲ್ಲಿದ್ದಾರೆ. ಸದ್ಯಕ್ಕೆ ಕ್ಷೇಮ."

ಡಬ್ಬಿಗೆ ಡಬ್ಬಿಯೇ ನಕ್ಕಿತು. ಠಾಕುರ್ಲಿ ಬರುವಷ್ಟರಲ್ಲಿ ನಮ್ಮ ಸೀಟಿನ ಸುತ್ತ ಸಭೆಯೇ ಸೇರಿತು. ಚಾಕು ಇಟ್ಟುಕೊಂಡು ಓಡಾಡುವವಳು ನಾನೊಬ್ಬಳೇ ಎಂದು ಇಷ್ಟು ದಿನ ತಿಳಿದಿದ್ದೆ. ನಮ್ಮ ಸುತ್ತಲಿನ ಎಂಟು ಜನರಲ್ಲಿ ನಾಲ್ವರ ಹತ್ತಿರ ಇತ್ತು! ರೈಲಿನಲ್ಲೇ ಸಂಜೆಯ ತರಕಾರಿ ಹೆಚ್ಚಿ ಮುಗಿಸುವವರು ಅವರೆಲ್ಲ. ಮಹಾದೇವಿ ತನ್ನ ಚೀಲದಿಂದ ಹಳೆಯ ಕನ್ನಡಕದ ಡಬ್ಬಿ ತೆಗೆದು ಟಪ್ಪೆಂದು ತೆರೆದಳು.

"ನಂದು ನೋಡ್ರಿ. ನಮ್ಮ ಮಾವನ ಚಸ್ಮಾದ ಡಬ್ಬಿ. ಒಳಗ ಅರಿವಿ ಹಾಸೀನಿ, ಮ್ಯಾಲೊಂದು ರಬ್ಬರ್ ಹಾಕೀನಿ. ಹತ್ತ ವರ್ಷಾತು, ಒಮ್ಮಿನೂ ಚುಚ್ಚಿಲ್ಲ."

ಮರಾಠಿಯ ಒಬ್ಬಾಕೆ ತನ್ನದನ್ನು ಟಿಫಿನ್ನಿನ ಕೆಳಗಿನ ಖಾನೆಯಲ್ಲಿ ಚಮಚದ ಜೊತೆ ಇಡುತ್ತಾಳಂತೆ. ಇನ್ನೊಬ್ಬಳು ಅಲಗಿನ ತುದಿಗೆ ಬಾಟಲಿಯ ಬಿರಡೆ ಚುಚ್ಚಿದ್ದಳು. ಮತ್ತೊಬ್ಬಳು ಛತ್ರಿಯ ಮಡಿಕೆಯೊಳಗೆ ಸಿಕ್ಕಿಸಿ ಅದರ ಪಟ್ಟಿ ಬಿಗಿದಿದ್ದಳು. ಮಳೆ ಬಂದರೆ ಏನು ಮಾಡುತ್ತೀ ಎಂದು ಕೇಳಿದರೆ, ನೆನೆಯುತ್ತೇನೆ ಎಂದಳು. ನನ್ನ ಕೊಕ್ಕೆಯನ್ನು ಎಲ್ಲರೂ ಎಳೆದು ನೋಡಿದರು. ಮಹಾದೇವಿಯಂತೂ ಎರಡೂ ಕೈ ಹಾಕಿ ಜಗ್ಗಿದಳು. ನನ್ನ ಲಂಗದ ಲಾಡಿ ಹರಿಯುವ ಅಂದಾಜಾಯಿತು, ಕೊಕ್ಕೆ ಮಾತ್ರ ಬಿಡಲಿಲ್ಲ. ಒಂದು ಮಾತನ್ನು ಮಾತ್ರ ಅವಳು ಗಂಭೀರವಾಗಿ ಹೇಳಿದಳು. "ಮಡಚಿದ ಚಾಕು ಮಡಚೇ ಇರ್ತೈತಿ ಅಂತ ನಂಬಬಾರ್ದ್ರಿ. ಕೈ ಹಾಕೂದಕಿಂತ ಮೊದಲ ಕಣ್ಣ ಹಾಕ್ಬೇಕು." ಐದು ಹೊಲಿಗೆ ಹಾಕಿಸಿಕೊಂಡವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ದಿವಾದಲ್ಲಿ ಜನ ನುಗ್ಗಿದರು. ಮುಂಬ್ರಾದಲ್ಲಿ ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರದ ನೀರು ಒಳನುಗ್ಗಿದ ಖಾಡಿ, ನಡುವೆ ಉಸಿರಾಡಲು ಜಾಗವಿಲ್ಲ. ಠಾಣೆಯಲ್ಲಿ ಇಳಿಯುವಾಗ ನಾನು ಇಳಿಯಲೇ ಇಲ್ಲ, ಜನರೇ ನನ್ನನ್ನು ಇಳಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಕಾಲೂರಿದೊಡನೆ ಸೊಂಟ ಮುಟ್ಟಿಕೊಂಡೆ. ಇದೆ! ಅಲ್ಲೇ ಇದೆ! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಠಾಣೆಯ ಗರ್ದಿಯಿಂದ ನನ್ನ ಚಾಕು ಒಂದಿಷ್ಟೂ ಅಲುಗದೆ ಹೊರಬಂದಿತ್ತು.

ಇನ್ನು ಪನವೇಲಿನ ರೈಲು ಹಿಡಿಯಬೇಕು. ಆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ನನ್ನ ಹೆಮ್ಮೆ ತಡೆಯಲಾರದೆ ನಮ್ಮವರು ಸೋತವರ ಹಾಗೆ ಕೇಳಿದರು.

"ತೋರಿಸು ನೋಡುವ, ಎಂತದು ಆ ಲಾಕ್."

ಕೊಂಡಿ ಒತ್ತಿ ಚಾಕು ಬಿಡಿಸಿದೆ. ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟೆ. ಇಡಲೇಬೇಕು. ನಮ್ಮಲ್ಲಿ ಚಾಕು, ಕತ್ತಿ, ಸೂಜಿ ಯಾವುದನ್ನೂ ಕೈಯಿಂದ ಕೈಗೆ ಕೊಡುವ ಕ್ರಮವಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ ಎನ್ನುತ್ತಾರೆ. ಕೊಡುವವರು ಕೆಳಗಿಡಬೇಕು, ತೆಗೆದುಕೊಳ್ಳುವವರು ಅಲ್ಲಿಂದ ಎತ್ತಿಕೊಳ್ಳಬೇಕು. ಮದುವೆಯಾದ ಮೂವತ್ತು ವರ್ಷದಲ್ಲಿ ನಾವು ಒಂದೇ ಒಂದು ಚಾಕುವನ್ನು ಕೈಯಿಂದ ಕೈಗೆ ಕೊಟ್ಟವರಲ್ಲ. ಜಗಳಕ್ಕೇನೂ ಕಡಿಮೆಯಾಗಿಲ್ಲ, ಅದು ಬೇರೆ ಮಾತು. ಅವರು ಎತ್ತಿಕೊಂಡರು, ಬಿಡಿಸಿದರು, ಮಡಚಿದರು, "ಹ್ಞೂಂ" ಅಂದರು, ಬೆಂಚಿನ ಮೇಲೆ ವಾಪಸ್ ಇಟ್ಟರು. ಅಷ್ಟರಲ್ಲಿ ಪನವೇಲಿನ ರೈಲು ಬಂತು. ನಾನು ಮೊಗ್ಗಿನ ಚೀಲ ಹಿಡಿದು ಲೇಡೀಸಿಗೆ ಓಡಿದೆ. ಅವರು ಗೋಣಿ ಎತ್ತಿ ಜನರಲ್ ಡಬ್ಬಿಗೆ ಓಡಿದರು.

ಎರಡನೆಯ ಸ್ಟೇಷನ್ ಐರೋಲಿ ಬರುವಾಗ ಅಭ್ಯಾಸದಂತೆ ಸೊಂಟ ಮುಟ್ಟಿದೆ. ಬಿಲ್ಲೆ ಇತ್ತು. ಕೊಕ್ಕೆ ಇತ್ತು. ದಾರ ಇತ್ತು. ಕೊಂಡಿ ಖಾಲಿ. ಫೋನ್ ಮಾಡಿದೆ.

"ಹೋಯ್, ಚಾಕು ನಿಮ್ಮ ಹತ್ತಿರ ಉಂಟಲ್ವಾ?"

"ನನ್ನ ಹತ್ತಿರ ಎಂತಕ್ಕೆ? ನೀನು ತೆಗೊಂಡದ್ದಲ್ವಾ? ನಾನು ಬೆಂಚಿನಲ್ಲಿ ಇಟ್ಟೆ."

"ನೀವು ಇಟ್ಟದ್ದು ನಾನು ನೋಡ್ಲಿಲ್ಲ ಮಾರಾಯ್ರೇ!"

"ಮತ್ತೆ ಕೈಗೆ ಕೊಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಬೇರೆ ಯಾವ ಗಂಡ ಹೆಂಡತಿಯಾದರೂ ಇಂಥ ಮಣ್ಣು ತಿನ್ನುವ ಕೆಲಸ ಮಾಡುತ್ತಿರಲಿಲ್ಲ. ಕೈಗೆ ಕೊಟ್ಟು ಕೈಯಿಂದ ತೆಗೆದುಕೊಂಡು ಹಾಯಾಗಿ ರೈಲು ಹತ್ತುತ್ತಿದ್ದರು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಕಿಟಕಿಯಿಂದ ನೋಡಿದರೆ ಅವರು ಐರೋಲಿಯ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಗೋಣಿ ಹೊತ್ತುಕೊಂಡೇ ಮೆಟ್ಟಿಲಿನ ಕಡೆಗೆ ಓಡುತ್ತಿದ್ದರು. ಠಾಣೆಗೆ ವಾಪಸ್. ಪಟ್ಟೆಯೂ ಹೋಯಿತು. ರೈಲು ಹೊರಟಿತು.

ಘಣಸೋಲಿ, ತುರ್ಭೆ, ನೇರುಳ, ಬೇಲಾಪುರ. ಈ ದಾರಿ ಯಾವಾಗಲೂ ನನಗೆ ಇಷ್ಟ. ಅಗಲದ ಸ್ಟೇಷನ್ನುಗಳು, ಗಾಳಿ, ಒಂದು ಬದಿಯಲ್ಲಿ ಗುಡ್ಡದ ಸಾಲು. ಅಂದು ಒಂದನ್ನೂ ನೋಡಲಿಲ್ಲ. ಚಾಕು ಕಳೆದಿದೆ. ಷರತ್ತಿನ ಪ್ರಕಾರ ನನ್ನ ಕೆಲಸ ಮುಗಿದಿದೆ. ಚಾಕು ಬೆಂಚಿನ ಮೇಲೆ ಇಟ್ಟವರು ಅವರೇ ಎಂದು ವಾದಿಸಬಹುದಿತ್ತು. ಆದರೆ ಎತ್ತಿಕೊಳ್ಳದವಳು ನಾನು. ಇಪ್ಪತ್ತೆರಡು ವರ್ಷದಲ್ಲಿ ನಾನು ಜಡೆ ಕಟ್ಟಿದ ಹುಡುಗಿಯರ ಮುಖಗಳು ಒಂದೊಂದಾಗಿ ನೆನಪಾದವು. ನಾಳೆಯಿಂದ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ? ತೊಡೆಯ ಮೇಲೆ ಮೊಗ್ಗಿನ ಚೀಲ ತಣ್ಣಗೆ ಕೂತಿತ್ತು, ನನಗೆ ಒಳಗೆ ಬೆಂಕಿ.

ಖಾರಘರ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿದು ವನಜಕ್ಕನ ಮನೆ ಮುಟ್ಟುವಾಗ ಹನ್ನೆರಡು. ಹತ್ತೊಂಬತ್ತನೆಯ ಮಹಡಿ. ಬಾಲ್ಕನಿಯ ಎದುರಿಗೇ ಗುಡ್ಡ. ವನಜಕ್ಕ ಹೋಳಿಗೆಯ ಕಣಕ ನಾದುತ್ತಾ ಬಂದು, "ವಾರಿಜಾ, ಒಬ್ಬಳೇಯಾ? ಶೇಖರಣ್ಣ ಬರ್ತಾರೆ ಅಂತ ಹೇಳಿದ್ದಿ?" ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು, ಕಣಕದ ಕೈಯಲ್ಲೇ. ಸೊಸೆ ಅನುಷಾ ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಎಲ್ಲ ಸೇರಿದ ಭಾಷೆ. ಹೊಟ್ಟೆ ಹೊತ್ತು ನಿಧಾನವಾಗಿ ಬಂದು ನನ್ನ ಪಕ್ಕ ಕೂತಳು.

"ಟೆನ್ಶನ್ ನಕೋ ಆಂಟಿ. ಅಂಕಲ್ ಆಯೇಂಗೇ ನಾ. ಅಲ್ಲಿವರೆಗೆ ಮುಝೆ ಸಿಖಾವೋ, ಮೊಗ್ಗು ಹೇಗೆ ಪೋಣಿಸುದು?"

ಜಡೆ ಕಟ್ಟಿಸಿಕೊಳ್ಳುವ ಹುಡುಗಿ ತಾನೇ ಮೊಗ್ಗು ಪೋಣಿಸಲು ಕೂತದ್ದು ನನ್ನ ಅನುಭವದಲ್ಲಿ ಮೊದಲು. ಅವಳು ಆರು ಮೊಗ್ಗು ಪೋಣಿಸುವಷ್ಟರಲ್ಲಿ ನಾನು ಅರವತ್ತು ಪೋಣಿಸಿದೆ. ಒಂದಾಯಿತು, ಒಂದೂವರೆ ಆಯಿತು. ನಮ್ಮವರು ಫೋನ್ ಎತ್ತುತ್ತಿಲ್ಲ. ಸರಗಳೆಲ್ಲ ಸಿದ್ಧ, ಕೂರಿಸಲು ಪಟ್ಟೆ ಇಲ್ಲ, ಕೊಯ್ಯಲು ಚಾಕು ಇಲ್ಲ. ವನಜಕ್ಕ ರಟ್ಟಿನ ಪೆಟ್ಟಿಗೆಯೊಂದನ್ನು ತಂದು, "ಇದು ಸಾಕಾದೀತಾ?" ಎಂದು ಕೇಳಿದರು. ನಾನು ಅದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ಫೋನ್ ಮಾಡಿದೆ.

ಎರಡು ಹತ್ತಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ನಮ್ಮವರು. ಅಂಗಿ ಪೂರ್ತಿ ಒದ್ದೆ, ಹೆಗಲಿನಿಂದ ಸೊಂಟದವರೆಗೆ ಬಾಳೆಯ ಸೊನೆ, ತಲೆಗೂದಲು ನಾಲ್ಕು ದಿಕ್ಕಿಗೆ. ಬಲಗೈ ಪ್ಯಾಂಟಿನ ಜೇಬಿನೊಳಗೆ ಮುಷ್ಟಿ ಬಿಗಿದಿತ್ತು. ಠಾಣೆಯಿಂದ ಇಲ್ಲಿಯವರೆಗೆ ಆ ಮುಷ್ಟಿ ಬಿಟ್ಟಿರಲಿಲ್ಲವಂತೆ. ಕೈ ಹೊರತೆಗೆದು ನನ್ನ ಮುಂದೆ ಚಾಚಿದರು. ಅಂಗೈಯಲ್ಲಿ ಮಡಚಿದ ಚಾಕು. ಅವರು ಕೆಳಗಿಡಲಿ ಎಂದು ನಾನು ಕಾದೆ.

"ಹಿಡಿ ಮಾರಾಯ್ತಿ. ಕೆಳಗೆ ಇಟ್ಟು ಇಷ್ಟು ಆದದ್ದು ಸಾಕು."

ಹಿಡಿದೆ. ವನಜಕ್ಕ ಹೌಹಾರಿ "ಅಯ್ಯೋ ಕೈಯಲ್ಲಿ ಕೊಟ್ಟರು!" ಎಂದರು. ಜಗಳವಾಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಪಟ್ಟೆ ಬಿಚ್ಚುತ್ತಾ ಬಿಚ್ಚುತ್ತಾ ಕಥೆ ಕೇಳಿದೆ. ಬೆಂಚಿನ ಮೇಲೆ ಚಾಕು ಕಂಡ ಯಾರೋ ಪೊಲೀಸರಿಗೆ ತಿಳಿಸಿದ್ದರು. ಅವರು ಸ್ಟೇಷನ್ನಿನ ಚೌಕಿಗೆ ಒಯ್ದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಮ್ಮವರು ಅದು ತನ್ನದೆಂದಾಗ ಹವಾಲ್ದಾರ ಅಲಗು ಬಿಡಿಸಿ ಮುಖದ ಮುಂದೆ ಹಿಡಿದನಂತೆ.

"ಹಾ ಡಾಗ್ ಕಸಲಾ?"

ಈ ಕಲೆ ಯಾವುದರದು ಎಂಬ ಪ್ರಶ್ನೆ. ಮನೆಯಲ್ಲಿ ಹದಿನೈದು ದಿನ ಪಟ್ಟೆ ಕೊಯ್ದು ಅಭ್ಯಾಸ ಮಾಡಿದ್ದೆನಲ್ಲ, ಬಾಳೆಯ ಸೊನೆ ಕೂತು ಅಲಗು ಕಂದು ಕಪ್ಪಾಗಿತ್ತು. ಒಣಗಿದ ರಕ್ತವೆಂದರೆ ಯಾರೂ ನಂಬುವ ಬಣ್ಣ. ನಮ್ಮವರು ಬಾಳೆ ಎಂದರು. ಹವಾಲ್ದಾರ ನಂಬಲಿಲ್ಲ. ಹೆಂಡತಿಯ ಚಾಕು ಎಂದರು. ಅವನು ಇನ್ನಷ್ಟು ಸಂಶಯದಿಂದ, ಹೆಂಡತಿ ಈಗ ಎಲ್ಲಿದ್ದಾಳೆ ಎಂದು ಕೇಳಿದನಂತೆ.

"ಫಿರ್ ಎಂತ ಮಾಡಿದಿರಿ ಅಂಕಲ್?" ಅನುಷಾ ಕಣ್ಣರಳಿಸಿದಳು.

"ಎಂತ ಮಾಡುದು? ಗೋಣಿ ಬಿಚ್ಚಿದೆ. ನಿನ್ನ ಆಂಟಿ ಮಾಡುದನ್ನು ಎಷ್ಟು ವರ್ಷದಿಂದ ನೋಡ್ತಾ ಇದ್ದೇನೆ. ಅವರ ಮೇಜಿನ ಮೇಲೆಯೇ ಪಟ್ಟೆ ಇಟ್ಟು ಜಡೆ ಕೊಯ್ದು ತೋರಿಸಿದೆ. ಮೇಲೆ ಹೆಡೆ, ಕೆಳಗೆ ಚೂಪು. ಸೊನೆ ಹೇಗೆ ಹಿಡೀತದೆ ಅಂತ ನನ್ನ ಅಂಗಿ ತೋರಿಸಿದೆ. ಇದರ ಮೇಲೆ ಮೊಗ್ಗು ಎಷ್ಟು ಸಾಲು ಬರ್ತದೆ, ಬಸುರಿಗೆ ಎಂತಕ್ಕೆ ಮುಡಿಸುದು, ಎಲ್ಲ ಹೇಳಿದೆ. ಅರ್ಧ ಗಂಟೆ."

ಅರ್ಧ ಗಂಟೆ! ನಮ್ಮವರು! ನನಗೆ ನಂಬಲಾಗಲಿಲ್ಲ. ಕೊನೆಗೆ ಹವಾಲ್ದಾರನೇ ಕೈಮುಗಿದು, ಹೆಸರು ಬರೆಸಿಕೊಂಡು, ಇನ್ನು ಸ್ಟೇಷನ್ನಿನಲ್ಲಿ ಚಾಕುವನ್ನು ಹೊರಗೆ ತೆಗೆಯಬೇಡಿ ಎಂದು ಬೈದು ಕಳಿಸಿದನಂತೆ. ಬೈದದ್ದು ಸರಿಯೇ. ಜನರ ನಡುವೆ ಚಾಕು ಬಿಡಿಸಿ ನೋಡಿದ್ದು ನಮ್ಮ ತಪ್ಪು.

"ನಿನ್ನ ಕೆಲಸ ಎಷ್ಟು ಕಷ್ಟ ಗೊತ್ತುಂಟಾ," ಎಂದು ನಮ್ಮವರು ನನಗೇ ಹೇಳಿದರು. "ಅಲಗು ಎಡಕ್ಕೆ ಹೋಗು ಅಂದ್ರೆ ಬಲಕ್ಕೆ ಹೋಗ್ತದೆ."

ಅವರು ಕೊಯ್ದ ಪಟ್ಟೆಯನ್ನು ನೋಡಿದೆ. ಎರಡೂ ಬದಿ ಓರೆ, ಹೆಡೆ ಸೊಟ್ಟ. ಉಳಿದ ಎರಡು ಪಟ್ಟೆ ಚೆನ್ನಾಗಿಯೇ ಇದ್ದವು. ಆದರೂ ನಾನು ಅವರದ್ದನ್ನೇ ಎತ್ತಿಕೊಂಡೆ. ಓರೆಯಾದ ಕಡೆ ಸವರಿ, ಸೊಟ್ಟ ಹೆಡೆಯ ಮೇಲೆ ಕನಕಾಂಬರದ ಒಂದು ಸಾಲು ಹೆಚ್ಚಿಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಚಾಕು ಪಟ್ಟೆಯ ಮೇಲೆ ಸರ್ರೆಂದು ಓಡಿತು. ಅಂಗೈಯ ಗಾಯ ಸ್ವಲ್ಪ ಎಳೆಯಿತು, ಅಷ್ಟೇ. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಹೊಲಿಗೆ ಹಾಕಿ ದಾರ ಕತ್ತರಿಸಿದೆ. ಚಾಕು ಮಡಚಿ ಕೊಂಡಿಗೆ ಸಿಕ್ಕಿಸಿ ಚೀಲಕ್ಕೆ ಇಳಿಸಿದೆ.

ಅನುಷಾಳಿಗೆ ಹಸಿರು ಸೀರೆ. ಮೊಗ್ಗಿನ ಜಡೆ ಬೆನ್ನಿನ ಮೇಲೆ ಇಳಿದು ಸೊಂಟ ಮುಟ್ಟಿತು. ಅವಳು ಕನ್ನಡಿಗೆ ಬೆನ್ನು ಮಾಡಿ, ಇನ್ನೊಂದು ಕನ್ನಡಿ ಹಿಡಿದು ನೋಡಿಕೊಂಡಳು. ಆಮೇಲೆ ನನ್ನ ಎಡಗೈ ಹಿಡಿದುಕೊಂಡಳು. ಆರತಿ, ಹಾಡು, ಫೋಟೋ, ಹೋಳಿಗೆ. ಯಾರೋ ಹೆಂಗಸರು ಜಡೆಯ ಫೋಟೋ ತೆಗೆದು ಅಲ್ಲಿಂದಲೇ ಊರಿಗೆಲ್ಲ ಕಳಿಸಿದರು. ನಮ್ಮವರು ಮೂಲೆಯಲ್ಲಿ ವನಜಕ್ಕನ ಮಗನ ಹಳೆಯ ಟೀ ಶರ್ಟ್ ತೊಟ್ಟು ಕೂತು, ಆರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ವಾಪಸ್ ಬರುವಾಗ ಆರೂವರೆಯ ರೈಲು. ಠಾಣೆಯ ಕಡೆಗೆ ಆ ಹೊತ್ತಿನಲ್ಲಿ ಖಾಲಿ. ಇಬ್ಬರೂ ಜನರಲ್ ಡಬ್ಬಿಯಲ್ಲಿ ಅಕ್ಕಪಕ್ಕ ಕೂತೆವು. ಬೇಲಾಪುರ ದಾಟಿದ ಮೇಲೆ ಧೈರ್ಯ ಮಾಡಿ ನಾನೇ ಮಾತು ತೆಗೆದೆ.

"ಷರತ್ತು ಎಂತಾಯ್ತು? ಚಾಕು ಕಳೀತಲ್ಲ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಚೀಲ ಅವರ ತೊಡೆಯ ಮೇಲಿತ್ತು, ಅವರೇ ಎತ್ತಿದರು. ಪನವೇಲಿನಿಂದ ಯಾರೋ ಹೆಂಗಸು. ಫೋಟೋ ನೋಡಿದರಂತೆ, ಮುಂದಿನ ತಿಂಗಳು ಮಗಳ ಶಾಸ್ತ್ರವಂತೆ. ದನಿ ನನಗೂ ಕೇಳುತ್ತಿತ್ತು.

"ಹೌದು, ವಾರಿಜನ ಗಂಡ ಮಾತಾಡುದು," ಎಂದರು ನಮ್ಮವರು. "ಹದಿನಾಲ್ಕಕ್ಕಾ? ಬರ್ತಾಳೆ ಬರ್ತಾಳೆ. ಪಟ್ಟೆಯದ್ದೇ ಕಟ್ಟುದು, ರಟ್ಟಿನದ್ದಲ್ಲ."

ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. 'ವಾರಿಜನ ಗಂಡ' ಎಂದು ಅವರು ಹೇಳಿದ್ದನ್ನು ನಾನು ಈ ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ಆದರೆ ಜೊತೆಗೇ ಸಿಟ್ಟೂ ಬಂತು. ಕೆಲಸ ಬಂದ್ ಎಂದಾಗಲೂ ನನ್ನನ್ನು ಕೇಳಿರಲಿಲ್ಲ. ಈಗ ಬರ್ತಾಳೆ ಎಂದಾಗಲೂ ಕೇಳಲಿಲ್ಲ. ಅವರ ಕೈಯಿಂದ ಫೋನ್ ತೆಗೆದುಕೊಂಡೆ.

"ನಮಸ್ಕಾರ, ನಾನು ವಾರಿಜಾ. ಹದಿನಾಲ್ಕಕ್ಕೆ ನನಗೆ ಬೇರೆ ಕಡೆ ಕೆಲಸ ಉಂಟು. ಹದಿನೈದಕ್ಕಾದರೆ ಬರ್ತೇನೆ."

ಆ ಕಡೆಯವರು ಸಂತೋಷದಿಂದ ಒಪ್ಪಿದರು. ನಮ್ಮವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಹದಿನಾಲ್ಕಕ್ಕೆ ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ.